ಎಡಗಣ್ಣು

ಮಂಡಿಪೇಟೆಯ ಆ ಅಂಗಡಿಗೆ ಬೋರ್ಡಿಲ್ಲ.
ಒಳಗೆ ಗಾಜಿನ ಬೀರು, ಸರಪಳಿ ಬಿಗಿದ ಬಂದೂಕುಗಳು,
ಎಣ್ಣೆಯ ವಾಸನೆಗೆ ಬೆರೆತ
ಪಕ್ಕದ ಬಾಣಲೆಯ ಮೆಣಸಿನಕಾಯಿ ಘಾಟು.

ಫಿದಾಹುಸೇನ್ ಸಾಹೇಬರು ಲೈಸೆನ್ಸನ್ನು ಬೆಳಕಿಗೆ ಹಿಡಿದರು.
'ಸೂರಮ್ಮ ಬಿನ್ ದೊಡ್ಡಬೋರಯ್ಯ. ಕೋಂ ಇಲ್ಲವಾ?'
ಇಲ್ಲ ಅಂದೆ.
'ಬೆಳೆ ರಕ್ಷಣೆಗಾಗಿ' ಎಂಬಲ್ಲಿ ಅವರ ಉಗುರು ಒಂದು ಗಳಿಗೆ ನಿಂತಿತು.

ಮೂರು ವರ್ಷ ಅಲೆದು ತಂದ ಕಾಗದ.
ದುರ್ಗದ ಕಚೇರಿಯಲ್ಲಿ ಎಡ ಹೆಬ್ಬೆಟ್ಟು ಚಾಚಿದರೆ
'ಹೆಂಗಸರದ್ದು ಬಲಗೈ' ಅಂತ ಗುಮಾಸ್ತ
ಬೆರಳು ತಿರುಚಿ ಒತ್ತಿಸಿಕೊಂಡಿದ್ದ.

ಮೊದಲು ಕೇಳಿದ್ದು ರೈಫಲ್ಲನ್ನೇ.
ನಮ್ಮದು ಬೇಟೆಯ ಮನೆತನ.
ಅಪ್ಪ ಕೇಪಿನ ಕೋವಿಯಲ್ಲೇ ಜನ್ಮ ಸವೆಸಿದವನು:
ಮದ್ದು, ನಾರು, ಚರೆ, ಮತ್ತೆ ನಾರು,
ಗಜ ಹಾಕಿ ಕುಟ್ಟಿ ಕುಟ್ಟಿ ಮುಗಿಸುವ ಹೊತ್ತಿಗೆ
ಹಂದಿ ಉಂಡು ಬಾಯಿ ಒರೆಸಿಕೊಂಡಿರುತ್ತಿತ್ತು.
ಆಸೆ ಅಂದರೆ ಆಸೆ ನನಗೆ,
ಇಚ್ಛಾಪುರದ ಆ ಮುನ್ನೂರ ಹದಿನೈದರ ಮೇಲೆ.

ಹೆಗಲಿಗೇರಿಸಿದೆ. ಎಡ ಹೆಗಲಿಗೆ.
ಬೋಲ್ಟು ಬಲಗಡೆ. ಎಳೆಯಲು ಹೋದರೆ ಕೈ
ಬೇರೆಯವರ ತಟ್ಟೆಗೆ ಕೈ ಹಾಕಿದ ಹಾಗೆ ಅಡ್ಡ ಬರುತ್ತದೆ.
ಹೆಗಲು ಬದಲಿಸಿದೆ. ಚಿಕ್ಕಂದಿನಿಂದ ಬದಲಿಸಿ ಗೊತ್ತಲ್ಲ:
ಉಣ್ಣಲು, ಬರೆಯಲು, ಕುಂಕುಮ ಕೊಡಲು.
ಎಡಗೈಗೆ ಬಟ್ಟೆ ಸುತ್ತಿ ಕೂರಿಸುತ್ತಿದ್ದಳು ಅಜ್ಜಿ.

'ತಡಿ ಬೇಟಿ,' ಅಂದರು ಸಾಹೇಬರು.
'ಎರಡೂ ಕಣ್ಣು ಬಿಟ್ಟುಕೊಂಡು
ಹೆಬ್ಬೆರಳಲ್ಲಿ ಆ ಕ್ಯಾಲೆಂಡರಿನ ತಾರೀಖು ಮುಚ್ಚು.
ಈಗ ಬಲಗಣ್ಣು ಮುಚ್ಚು. ತಾರೀಖು ಕಂಡಿತಾ?'
ಇಲ್ಲ.
'ಎಡಗಣ್ಣು?'
ಬೆರಳು ಪಕ್ಕಕ್ಕೆ ಹಾರಿತು. ಹದಿನೇಳು, ಮಂಗಳವಾರ, ಬಟಾಬಯಲು.
'ನಿನ್ನ ಯಜಮಾನ ಎಡಗಣ್ಣು. ಅವನ ಮಾತು ಮೀರಬೇಡ.'
ನಲವತ್ತೊಂದು ವರ್ಷಕ್ಕೆ ಮೊದಲ ಸಲ ಯಾರೋ ಹೇಳಿದ್ದು.

ಆಮೇಲೆ ಇನ್ನೊಂದು ಕೇಳಿದರು:
'ಇದರ ಗುಂಡು ಮೈಲಿಗಟ್ಟಲೆ ಹೋಗ್ತದೆ.
ನಿನ್ನ ಹೊಲದಾಚೆ ಏನಿದೆ?'

ಹೊಲದಾಚೆ... ಬದುವಿನ ಜಾಲಿ.
ಅದರಾಚೆ ಗಾದ್ರಯ್ಯನ ಕುರಿಹಟ್ಟಿ,
ಕಂಬಳಿ ಹೊದ್ದು ಮಲಗುವ ಅವನ ಹುಡುಗ.
ಕತ್ತಲಲ್ಲಿ ಕಂಬಳಿ ಯಾವುದು, ಹಂದಿ ಯಾವುದು?
ನಾನು ಎಣಿಸುತ್ತಲೇ ಇದ್ದೆ.
ಅವರೇ ಕೈಯಿಂದ ರೈಫಲ್ಲು ಬಿಡಿಸಿಕೊಂಡರು, ಮಗು ಎತ್ತಿಕೊಂಡಂತೆ.

ಜೋಡಿನಳಿಗೆ ಬಂತು. ಹನ್ನೆರಡು ಬೋರು,
ಮೊದಲೇ ಯಾರದೋ ಹೆಗಲು ಉಂಡದ್ದು.
ಮಡಚಿದರೆ ನಡು ಮುರಿದು ನಮಸ್ಕರಿಸುತ್ತದೆ,
ಎಡಚಗೂ ಅಷ್ಟೇ, ಬಲಚಗೂ ಅಷ್ಟೇ.
'ಹಿಡಿಕೆ ಕೂದಲೆಳೆಯಷ್ಟು ಬಲಕ್ಕೆ ಬಾಗಿದೆ,
ಬಡಗಿ ಹತ್ರ ಕೆನ್ನೆ ಸವರಿಸಿಕೋ.'

ತೋಟಾ ಒಡೆದು ಸುರಿದರು ಪತ್ರಿಕೆಯ ಮೇಲೆ.
ಎಲ್‌ಜಿ: ಕಡಲೆ ಗಾತ್ರ, ಆರೇ ಆರು.
ಬಿಬಿ: ಹೆಸರುಕಾಳು.
ಆರನೇ ನಂಬರು: ನವಣೆ, ಲೆಕ್ಕವಿಲ್ಲ.
ಬಿತ್ತುವವಳು ನಾನು, ಕಾಳು ಕಂಡರೆ ಬೆರಳು ತಾನಾಗಿ ಆಡುತ್ತದೆ.
ಇವು ತಣ್ಣಗಿದ್ದವು. ಮೊಳೆಯುವ ಭಾರವಲ್ಲ ಅದು.

'ಏನು ಹೊಡೀತೀಯ?'
ಸದ್ದು, ಅಂದೆ.
'ಸದ್ದಿಗೆ?'
ಸದ್ದು ಸಾಕು. ಹೆದರಿ ಓಡಿದರೆ ಸಾಕು.
ನಿಜವಾ ಸುಳ್ಳಾ ನನಗೇ ಗೊತ್ತಿರಲಿಲ್ಲ.
ಶೇಂಗಾ ಸಾಲು ಉತ್ತಂತೆ ಬಗೆದುಹೋದ ಬೆಳಗು ನೆನಪಾದರೆ
ಕಡಲೆ ಗಾತ್ರದ ಕಡೆಗೇ ಕೈ.
ನವಣೆಯವು ಇಪ್ಪತ್ತು ಕೊಟ್ಟರು,
ಕಡಲೆಯವು ಐದು,
ಕೇಳದೆಯೇ, ಬೇರೆ ಪೊಟ್ಟಣದಲ್ಲಿ.

ಜಮಖಾನೆಯಲ್ಲಿ ಸುತ್ತಿ ಬಸ್ಸು ಹತ್ತಿದೆ.
'ಏನಮ್ಮ ಅದು, ತಂಬೂರಿಯಾ?' ಅಂದ ಕಂಡಕ್ಟರು.
ನೋಟು ಚಾಚಿದೆ. 'ಬಲಗೈಲಿ ಕೊಡಬಾರದೇ?'
ಕೊಡಲಿಲ್ಲ. ತಗೊಂಡ, ಗೊಣಗುತ್ತ.

ದುರ್ಗ ಹತ್ತಿರವಾದಂತೆ ಗುಡ್ಡದ ನೆತ್ತಿಯ ಗಾಳಿಯಂತ್ರ.
ಹೆಬ್ಬೆರಳಿಂದ ಮುಚ್ಚಿದೆ.
ಎಡಗಣ್ಣು ಮುಚ್ಚಿದರೆ ಹೊರಗೆ ಜಿಗಿಯಿತು, ಮೂರೂ ರೆಕ್ಕೆ.
ಬಲಗಣ್ಣು ಮುಚ್ಚಿದೆ.
ಬೆರಳ ಹಿಂದೆ ಅದು ಅಲ್ಲೇ ಇತ್ತು, ತಿರುಗುತ್ತ, ಕಾಣದೆ.
ಅದರ ಹಿಂದೆ ಏನಿದೆ ಅಂತ
ಊರು ಬರುವ ತನಕ ಯೋಚಿಸಿದೆ.